ಕಲ್ಲಿನ ಮೇಲೆ ಕೆಲಸಗಾರನ ಹೆಸರು

ಮೊನ್ನೆ ನಮ್ಮ ಟೀಮಿನ ಒಂದು ಪ್ರಾಜೆಕ್ಟ್ ಮುಗಿಯಿತು. ಅಭಿನಂದನೆಯ ಮೇಲ್ ಬಂತು. ರಾತ್ರಿಯೆಲ್ಲಾ ಕೂತು ಕೋಡ್ ಬರೆದವರ ಒಂದು ಹೆಸರೂ ಅದರಲ್ಲಿ ಇರಲಿಲ್ಲ! ಬೇಜಾರಾಯ್ತು. ಆ ವಾರ ಇಳಕಲ್ಲಿಗೆ ಹೋದವನು ಹಾಗೇ ಪಟ್ಟದಕಲ್ಲನ್ನೂ ನೋಡಿಕೊಂಡು ಬಂದೆ.

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು ಕ್ರಿ.ಶ. 740ರಲ್ಲಿ ಅಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಇಷ್ಟು ಶಾಲೆಯಲ್ಲೇ ಓದಿದ್ದೆವು. ಆದರೆ ಅಲ್ಲಿನ ಹಳಗನ್ನಡ ಶಾಸನಗಳು ಬರೀ ರಾಜ-ರಾಣಿಯರ ಹೆಸರು ಹೇಳಿ ಸುಮ್ಮನಾಗುವುದಿಲ್ಲ.

ಗುಡಿಯ ಸೂತ್ರಧಾರಿ, ಅಂದರೆ ಇವತ್ತಿನ ಆರ್ಕಿಟೆಕ್ಟ್, ಗುಂಡ ಅನಿವಾರಿತಾಚಾರಿ. ಅವನಿಗೆ ಸಿಕ್ಕ ಪೆರ್ಜೆರೆಪು ಎಂಬ ಗೌರವಪಟ್ಟ, ತ್ರಿಭುವನಾಚಾರಿ ಎಂಬ ಬಿರುದು ಎರಡೂ ಕಲ್ಲಿನ ಮೇಲಿವೆ. ದಕ್ಷಿಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿ. ಮನೆ, ಅರಮನೆಯಷ್ಟೇ ಅಲ್ಲ, ವಾಹನ, ಆಸನ, ಮಂಚ ಮಾಡುವುದರಲ್ಲೂ ಇವನು ನಿಪುಣ ಅಂತ ಶಾಸನ ಹೊಗಳುತ್ತದೆ. ಬಲದೇವ, ಚಂಗಮ ಮುಂತಾದ ಶಿಲ್ಪಿಗಳ ಹೆಸರೂ ಅಲ್ಲಿವೆ.

ನೋಡಿ, ಯಾವ ಕೆಲಸ ಯಾರದ್ದು ಅನ್ನೋದು ಕಲ್ಲಲ್ಲೇ ಸ್ಪಷ್ಟ. ಚೆನ್ನಾಗಿದ್ದರೆ ಹೊಗಳಿಕೆ ಅವನಿಗೆ, ಸೊಟ್ಟಗಾದರೆ ಬೈಗುಳವೂ ಅವನಿಗೇ! ಕೆಲಸದ ಗುಣಮಟ್ಟ, ಮಾಡಿದವನ ತೃಪ್ತಿ ಎರಡೂ ಒಂದು ಹೆಸರಿನಲ್ಲಿ ಅಡಗಿವೆ. ನಾವೋ, ಎಕ್ಸಲೆನ್ಸ್ ಬಗ್ಗೆ ಐವತ್ತು ಸ್ಲೈಡ್ ಮಾಡುತ್ತೇವೆ, ಹೆಸರು ಬರೆಯೋದು ಮಾತ್ರ ಮರೆಯುತ್ತೇವೆ.

1987ರಲ್ಲಿ ಪಟ್ಟದಕಲ್ಲು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಂಡನ ಹೆಸರು ಸಾವಿರದ ಇನ್ನೂರು ವರ್ಷ ದಾಟಿ ಇನ್ನೂ ಅಲ್ಲಿದೆ.

ಸೋಮವಾರ ಆಫೀಸಿಗೆ ಬಂದು ನಾನೇ ಒಂದು ಮೇಲ್ ಬರೆದೆ. ಟೆಸ್ಟಿಂಗ್ ಮಾಡಿದ ಹೊಸ ಹುಡುಗಿಯಿಂದ ಹಿಡಿದು ಎಲ್ಲರ ಹೆಸರೂ ಹಾಕಿದೆ. ಖರ್ಚೇನೂ ಆಗಲಿಲ್ಲ. ನೀವೇನಂತೀರಿ?