ಸಿಮೆಂಟಿನ ನಿಯಂತ್ರಣ ಮತ್ತು ವಾಸ್ತುಶಿಲ್ಪಿಯ ಸಂಭಾವನೆ

ಸ್ವಾತಂತ್ರ್ಯೋತ್ತರ ಭಾರತದ ಗೃಹನಿರ್ಮಾಣವನ್ನು ಶೈಲಿಗಳ ಚರಿತ್ರೆಯೆಂದಷ್ಟೇ ಓದುವವರು, ಆ ಶೈಲಿಗಳನ್ನು ಒಳಗಿನಿಂದ ನಿಯಮಿಸುತ್ತಿದ್ದ ಆರ್ಥಿಕ ಶಕ್ತಿಗಳನ್ನು ಉಪೇಕ್ಷಿಸುವುದುಂಟು. 1982ರಲ್ಲಿ ಭಾಗಶಃ, 1989ರಲ್ಲಿ ಸಂಪೂರ್ಣವಾಗಿ ತೆರವಾದ ಸಿಮೆಂಟಿನ ಬೆಲೆ ಹಾಗೂ ವಿತರಣೆಯ ನಿಯಂತ್ರಣವು ಅಂಥದೊಂದು ಶಕ್ತಿ. ಪರ್ಮಿಟ್ಟಿಗಾಗಿ ಕಚೇರಿಗಳನ್ನು ಅಲೆದು, ಕಾಳಸಂತೆಯ ದರವನ್ನು ತೆರಲಾರದೆ, ಗೋಡೆಗಳನ್ನು ಅರ್ಧಕ್ಕೆ ನಿಲ್ಲಿಸಿದ ಗೃಹಸ್ಥರ ಸಂಕಟವನ್ನು ಆ ಕಾಲದವರು ಬಲ್ಲರು.

ಆದರೆ ಅದೇ ಅಭಾವದ ದಿನಗಳಲ್ಲಿ ಗಹನವಾದ ವಿಚಾರವೂ ನಡೆಯಿತು. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳುಬಿಟ್ಟು ಗೋಡೆಯೆಬ್ಬಿಸುವ ಕ್ರಮದಿಂದ ಇಟ್ಟಿಗೆಯನ್ನೂ ಗಾರೆಯನ್ನೂ ಗಣನೀಯವಾಗಿ ಉಳಿಸಿದರು. ತಾರಸಿಯಲ್ಲಿಯೂ ಅವರದು ಇಂಥದೇ ಉಪಾಯ: ಅದರ ಕೆಳಭಾಗವು ಸೆಳೆತಕ್ಕೊಳಗಾಗುವುದರಿಂದ ಅಲ್ಲಿಯ ಕಾಂಕ್ರೀಟು ಭಾರವನ್ನು ಹೊರುವುದಿಲ್ಲ. ಅದನ್ನು ಹೊರುವುದು ಉಕ್ಕಿನ ಸರಳು. ಆದಕಾರಣ ಸರಳುಗಳ ನಡುವೆ ಮಂಗಳೂರು ಹೆಂಚನ್ನು ಹುದುಗಿಸಿದರೆ ತಾರಸಿಯೂ ಹಗುರ, ವೆಚ್ಚವೂ ಹಗುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವು, ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡುವ ಅಗತ್ಯವಿಲ್ಲದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತರಲು ಶ್ರಮಿಸಿತು. ಇವೆಲ್ಲಕ್ಕೂ ಕೊರತೆಯೊಂದೇ ಕಾರಣವೆಂದಲ್ಲ. ಬಡವರ ಮನೆಯ ಚಿಂತೆ ಬೇಕರರಿಗೆ ಬಹು ಮೊದಲಿನದು.

ನಿಯಂತ್ರಣ ಸಡಿಲಿದ ಬಳಿಕ ಸಿಮೆಂಟಿನ ಉತ್ಪಾದನೆ ವೃದ್ಧಿಸಿತು. ಕಂಬ ತೊಲೆಗಳ ಕಾಂಕ್ರೀಟು ಚೌಕಟ್ಟು ಸಣ್ಣ ಊರಿನ ಮನೆಗೂ ನಡೆದುಬಂದಿತು. ಮಿತವ್ಯಯದ ವಿದ್ಯೆಯಾದರೋ ಕೆಲವರ ವ್ರತವಾಗಿಯೇ ಉಳಿಯಿತು. ಇದಕ್ಕೆ ಜನರ ಅಭಿರುಚಿಯನ್ನಷ್ಟೇ ದೂರುವುದು ನ್ಯಾಯವಲ್ಲ; ವೃತ್ತಿಯ ಲೆಕ್ಕಾಚಾರವೇ ಮಿತವ್ಯಯಕ್ಕೆ ಪ್ರತಿಕೂಲವಾಗಿದೆ ಎಂಬುದು ನನ್ನ ನಿಶ್ಚಿತಾಭಿಪ್ರಾಯ. 1972ರ ಅಧಿನಿಯಮದನ್ವಯ ರಚಿತವಾದ ವಾಸ್ತುಶಿಲ್ಪಿಗಳ ಪರಿಷತ್ತಿನ ದರಪಟ್ಟಿಯೂ ಸಂಭಾವನೆಯನ್ನು ಬಹುಮಟ್ಟಿಗೆ ನಿರ್ಮಾಣವೆಚ್ಚದ ಶೇಕಡಾವಾರು ಅಂಶವಾಗಿಯೇ ಗಣಿಸುತ್ತದೆ. ಶೇ. 5ರ ದರದಲ್ಲಿ, ಹತ್ತು ಲಕ್ಷದ ಮನೆಯನ್ನು ಹೆಚ್ಚಿನ ಆಲೋಚನೆಯಿಂದಲೂ ಸ್ಥಳದಲ್ಲಿಯೇ ನಿಂತು ಮೇಸ್ತ್ರಿಗೆ ಕಲಿಸಿದ ಶ್ರಮದಿಂದಲೂ ಏಳು ಲಕ್ಷಕ್ಕಿಳಿಸಿದವನು, ಐವತ್ತು ಸಾವಿರದ ಬದಲು ಮೂವತ್ತೈದು ಸಾವಿರವನ್ನಷ್ಟೇ ಪಡೆಯುತ್ತಾನೆ. ಉಕ್ಕಿನ ಬೆಲೆ ಏರಿದಾಗಲಾದರೋ ಒಂದು ಗೆರೆಯನ್ನೂ ಹೆಚ್ಚಾಗಿ ಎಳೆಯದೆ ಅವನ ಆದಾಯ ಏರುತ್ತದೆ!

ಬೇಕರ್ ಅವರು ತಮ್ಮದೇ ಮೇಸ್ತ್ರಿಗಳೊಡನೆ ಕಟ್ಟಡದ ಹೊಣೆಯನ್ನೂ ತಾವೇ ಹೊತ್ತು ಈ ತೊಡಕಿನಿಂದ ಪಾರಾದರು. ಕಚೇರಿಯಿಟ್ಟು ನಕ್ಷೆಯನ್ನೇ ನಂಬಿ ಬಾಳುವ ತರುಣರಿಗೆ ಆ ಮಾರ್ಗ ಸುಲಭವಲ್ಲ. ಅವರ ಸಂಭಾವನೆಯನ್ನು ಕಟ್ಟಡದ ವಿಸ್ತೀರ್ಣದ ಮೇಲೆಯೋ ವ್ಯಯಿಸಿದ ಕಾಲದ ಮೇಲೆಯೋ ಗೊತ್ತುಮಾಡುವ ಪದ್ಧತಿಯನ್ನು, ಶಾಲೆ ಆಸ್ಪತ್ರೆಗಳನ್ನು ಕಟ್ಟಿಸುವ ಸರ್ಕಾರಿ ಇಲಾಖೆಗಳೇ ಮೊದಲು ಕೈಗೊಳ್ಳಬೇಕು.