ಹಳೆಯ ಡಿಸ್ಕಿಗೊಬ್ಬ ದುಭಾಷಿ

ಮಸ್ಕಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು 1915ರಲ್ಲಿ ಪತ್ತೆ ಮಾಡಿದರು, ಎಚ್. ಕೃಷ್ಣಶಾಸ್ತ್ರಿ ಅದೇ ವರ್ಷ ಓದಿ ಪ್ರಕಟಿಸಿದರು. ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೇ ‘ಅಸೋಕ’ ಎಂಬ ಹೆಸರೂ ಇದ್ದುದರಿಂದ ಆ ಬಿರುದಿನ ದೊರೆ ಯಾರೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ದೊರೆಯಿತು. ಆದರೆ ಕಲ್ಲು ಉಳಿದಿದ್ದರಷ್ಟೇ ಸಾಲದು. ಬ್ರಾಹ್ಮಿ ಲಿಪಿಯನ್ನು ಜನ ಮರೆತು ಶತಮಾನಗಳೇ ಕಳೆದಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್, ಸಾಂಚಿಯ ಕಿರುಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ದಾನಂ’ ಎಂಬ ಪದದ ಜಾಡು ಹಿಡಿದು ಆ ಲಿಪಿಯನ್ನು ಬಿಡಿಸಿದ್ದರಿಂದಲೇ ಮಸ್ಕಿಯ ಕಲ್ಲು ಮಾತನಾಡಿತು.

ಬರಹ ಉಳಿದಿದೆ, ಓದುವ ದಾರಿ ತಪ್ಪಿದೆ ಎಂಬ ಈ ಪರಿಸ್ಥಿತಿ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷಗಳಲ್ಲೇ ಒದಗುತ್ತದೆ. 1990ರ ದಶಕದ ಕಂಪ್ಯೂಟರುಗಳಲ್ಲಿದ್ದುದು ಸಾಮಾನ್ಯವಾಗಿ ಐಡಿಇ ಎಂಬ ಬಗೆಯ ಹಾರ್ಡ್ ಡಿಸ್ಕ್. ಅದರ ಹಿಂಬದಿಯಲ್ಲಿ 40 ಪಿನ್ನುಗಳ ಸಾಲು, ಅದಕ್ಕೆ ಅಗಲವಾದ ಪಟ್ಟಿಯಂಥ ಕೇಬಲ್. 2003ರ ಹೊತ್ತಿಗೆ ಸಾಟಾ ಎಂಬ ಕಿರಿದಾದ ಜೋಡಣೆ ಬಂತು. ಕ್ರಮೇಣ ಹೊಸ ಕಂಪ್ಯೂಟರುಗಳಿಂದ ಐಡಿಇ ಕಿಂಡಿಯೇ ಮಾಯವಾಯಿತು.

ಈ ಅಂತರಕ್ಕೆ ಸೇತುವೆಯಾಗಿ ಬಂದದ್ದು ಅಡಾಪ್ಟರ್. ಅದರ ಒಂದು ತುದಿ ಹಳೆಯ ಡಿಸ್ಕಿಗೆ, ಇನ್ನೊಂದು ತುದಿ ಯುಎಸ್‌ಬಿಗೆ. ಇದು ಬರೀ ತಂತಿ ಜೋಡಿಸುವ ಕೆಲಸವಲ್ಲ. ಯುಎಸ್‌ಬಿ ಭಾಷೆಯ ಅಪ್ಪಣೆಯನ್ನು ಐಡಿಇ ಭಾಷೆಗೆ ತಿರುಗಿಸುವ ಪುಟ್ಟ ಚಿಪ್ ಅದರೊಳಗಿದೆ, ಅದೇ ದುಭಾಷಿ. ವಿದ್ಯುತ್ತಿನ ಮಾತೂ ಇದೆ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು. ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು. ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟ್ ಮಾತ್ರ. ಆದ್ದರಿಂದ ಅಂಥ ಅಡಾಪ್ಟರಿನೊಡನೆ ಬೇರೆ ಪವರ್ ಸಪ್ಲೈ ಇರುತ್ತದೆ. ಡಿಸ್ಕಿನ ಹಿಂದಿನ ಜಂಪರ್ ಎಂಬ ಚಿಕ್ಕ ಬಿರಡೆ ‘ಮಾಸ್ಟರ್’ ಸ್ಥಾನದಲ್ಲಿರದೆ ‘ಸ್ಲೇವ್’ ಸ್ಥಾನದಲ್ಲಿದ್ದರೆ ಎಷ್ಟೋ ವೇಳೆ ಡಿಸ್ಕ್ ಕಾಣಿಸಿಕೊಳ್ಳುವುದೇ ಇಲ್ಲ. ಜೋಡಿಸಿದೊಡನೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬಾರದು.

ಡಿಸ್ಕ್ ತೆರೆಯಿತೆನ್ನಿ. ಕನ್ನಡ ಓದುಗನಿಗೆ ಇನ್ನೊಂದು ಬಾಗಿಲು ಉಳಿದಿದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಬ್ರಾಹ್ಮಿಯ ಮುಂದೆ ನಿಂತವನ ಪಾಡೇ ಇದು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಬರವಣಿಗೆಯನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಇವೂ ಒಂದು ಬಗೆಯ ಅಡಾಪ್ಟರುಗಳೇ.

ಸರ್ಕಾರಿ ದಾಖಲೆಗಳ ಕಥೆ ನೋಡಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಲಿಂಗಸುಗೂರು, ಸಿಂಧನೂರಿನ ರೈತರಿಗೂ ಪಹಣಿ ಮೊದಲು ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದ ಸಿಕ್ಕಿತು. ಈಗ ಅಂತರ್ಜಾಲದಲ್ಲೇ ಸಿಗುತ್ತದೆ. ಮಾಹಿತಿ ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಬಂದಿದ್ದರಿಂದಲೇ ಅದು ಬದುಕಿದೆ. ಆದರೆ ಊರಿನ ಡಿಟಿಪಿ ಅಂಗಡಿಯ ಸ್ಮರಣ ಸಂಚಿಕೆ, ನಿವೃತ್ತ ಮೇಷ್ಟ್ರು ಬೆರಳಚ್ಚಿಸಿದ ಊರಚರಿತ್ರೆ, ಮದುವೆಯ ಫೋಟೊ ಇವುಗಳನ್ನು ದಾಟಿಸುವ ಇಲಾಖೆ ಯಾವುದೂ ಇಲ್ಲ. ಅವು ಅಟ್ಟದ ಮೇಲಿನ ಡಬ್ಬದಲ್ಲೇ ಉಳಿಯುತ್ತವೆ.

ಬಂಡೆ ಎರಡು ಸಾವಿರ ವರ್ಷ ಕಾದೀತು. ತಿರುಗುವ ಡಿಸ್ಕು ಕಾಯುವುದಿಲ್ಲ. ಬಳಸದೆ ಇಟ್ಟರೂ ಅದರ ಬೇರಿಂಗಿನ ಎಣ್ಣೆ ಒಣಗಿ ಬಿಗಿಯಬಹುದು. ಓದುವ ಮುಳ್ಳು ಕೈಕೊಡಬಹುದು. ಟಕ್ ಟಕ್ ಸದ್ದು ಬಂದರೆ ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರಿಗೆ ಒಪ್ಪಿಸಬೇಕು. ಡಿಸ್ಕ್ ಸರಿಯಿದ್ದರೆ ಮೊದಲು ಎಲ್ಲವನ್ನೂ ಎರಡು ಬೇರೆ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಓದುವುದು, ವಿಂಗಡಿಸುವುದು ಆಮೇಲಿನ ಮಾತು. ಮಸ್ಕಿಯ ಬರಹಕ್ಕೆ ಪ್ರಿನ್ಸೆಪ್ ಸಿಗಲು ಶತಮಾನಗಳು ಬೇಕಾದವು. ನಮ್ಮ ಡಿಸ್ಕುಗಳ ದುಭಾಷಿ ಈಗಲೂ ಅಂಗಡಿಯಲ್ಲಿ ಸಿಗುತ್ತಾನೆ. ಡಬ್ಬ ಇಳಿಸುವ ಕೆಲಸವಷ್ಟೇ ನಮ್ಮದು.