ನಗರದ ಮನೆಗಳಲ್ಲಿ ಸಾಕುವ ಮೊಲ, ಗಿನಿ ಪಿಗ್ ಮತ್ತು ಚಿಂಚಿಲಾಗಳಿಗೆ ಆಹಾರದ ಆಯ್ಕೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆ ಬಡಾವಣೆಗಳು 1890ರ ದಶಕದಲ್ಲಿ ರೂಪುಗೊಂಡವು. ಹಿತ್ತಲಿನಲ್ಲಿ ಹಸು ಕಟ್ಟುತ್ತಿದ್ದ ಅಲ್ಲಿನ ಅನೇಕ ಮನೆಗಳ ಜಾಗದಲ್ಲಿ ಇಂದು ಬಹುಮಹಡಿ ಕಟ್ಟಡಗಳಿವೆ. ಇಂತಹ ಮನೆಗಳ ಬಾಲ್ಕನಿಗಳಲ್ಲಿ ಸಾಕುವ ಮೊಲ ಮತ್ತು ಗಿನಿ ಪಿಗ್‌ಗಳ ಅನಾರೋಗ್ಯಕ್ಕೆ ಬಹುಪಾಲು ತಪ್ಪು ಆಹಾರವೇ ಕಾರಣ. ಸರಿಯಾದ ಆಹಾರ ದೊರೆತ ಮೊಲ 8ರಿಂದ 10 ವರ್ಷ ಬಾಳಬಲ್ಲದು.

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮಾಂಸಕ್ಕಾಗಿ ಸಾಕುವ ಮೊಲಗಳ ಕುರಿತ ಶಿಫಾರಸುಗಳು ಸುಮಾರು 12 ವಾರಗಳಲ್ಲಿ 2 ಕೆ.ಜಿ. ತೂಕ ಬರಿಸುವ ಉದ್ದೇಶದವು. ಹೆಚ್ಚು ಹಿಂಡಿ, ಹೆಚ್ಚು ಕುದುರೆ ಮಸಾಲೆ ಸೊಪ್ಪು ಅಲ್ಲಿ ಸರಿ. ಅದೇ ಕ್ರಮವನ್ನು ಮನೆಯ ಮೊಲಕ್ಕೆ ಹೇಳಿದರೆ ಬೊಜ್ಜು, ಹಲ್ಲಿನ ತೊಂದರೆ, ಮೂತ್ರಕೋಶದ ಕಲ್ಲುಗಳನ್ನು ಆಹ್ವಾನಿಸಿದಂತಾಗುತ್ತದೆ.

ಹುಲ್ಲೇ ಮುಖ್ಯ ಆಹಾರ

ಈ ಮೂರೂ ಪ್ರಾಣಿಗಳ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ನಾರುಳ್ಳ ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಅವು ಸವೆಯುತ್ತವೆ. ನಾರು ಕುರುಡುಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ಸಮತೋಲನವನ್ನೂ ಕಾಯುತ್ತದೆ. ಅನ್ನ, ಬ್ರೆಡ್, ಬಿಸ್ಕತ್ತುಗಳಲ್ಲಿನ ಪಿಷ್ಟ ಈ ಸಮತೋಲನವನ್ನು ಕೆಡಿಸುತ್ತದೆ. ಆದ್ದರಿಂದ ಆಹಾರದ ಶೇ. 80ಕ್ಕೂ ಹೆಚ್ಚು ಭಾಗ ಹುಲ್ಲಾಗಿರಬೇಕು, ಮತ್ತು ಅದು ಹಗಲಿರುಳು ಗೂಡಿನಲ್ಲಿರಬೇಕು.

ಒಣಹುಲ್ಲೆಂದರೆ ಇಲ್ಲಿ ತೆನೆ ಬಡಿದು ಉಳಿದ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲಲ್ಲ. ಅವುಗಳಲ್ಲಿ ನಾರಿದೆ, ಪೋಷಕಾಂಶ ತೀರ ಕಡಿಮೆ. ಗೂಡಿಗೆ ಹಾಸಲು ಬಳಸಬಹುದು. ಬೇಕಾದುದು ಹಸಿರಿರುವಾಗಲೇ ಕೊಯ್ದು ಒಣಗಿಸಿದ ರೋಡ್ಸ್ ಹುಲ್ಲು, ಗಿನಿ ಹುಲ್ಲು, ಓಟ್ಸ್ ಮೇವು ಅಥವಾ ಗರಿಕೆ. ಗಣೇಶನ ಹಬ್ಬದಲ್ಲಿ ಗಾಂಧಿ ಬಜಾರಿನಲ್ಲಿ ರಾಶಿ ಬೀಳುವ ಗರಿಕೆಯನ್ನು ಮೊಲ ಇಷ್ಟಪಟ್ಟು ತಿನ್ನುತ್ತದೆ. ಅದನ್ನು ಚೆನ್ನಾಗಿ ತೊಳೆದು, ನೀರು ಆರಿಸಿ ಕೊಡಬೇಕು. ವಾಹನಗಳ ಹೊಗೆ ಮತ್ತು ನಾಯಿಗಳ ಮೂತ್ರ ತಾಗುವ ರಸ್ತೆಬದಿಯ ಹುಲ್ಲು ಬೇಡ.

ಕುದುರೆ ಮಸಾಲೆ ಮತ್ತು ಬೇಲಿ ಮೆಂತೆಗಳಲ್ಲಿ ಸಸಾರಜನಕ, ಸುಣ್ಣದ ಅಂಶ ಹೆಚ್ಚು. ಆರು ತಿಂಗಳೊಳಗಿನ ಮರಿಗಳಿಗೆ, ಹಾಲೂಡಿಸುವ ತಾಯಿಗೆ ಇವು ಹಿತ. ಬೆಳೆದ ಮೊಲಕ್ಕೆ ನಿತ್ಯದ ಆಹಾರವಾಗಬಾರದು. ಮೊಲದ ಕರುಳು ಹೀರಿಕೊಂಡ ಹೆಚ್ಚುವರಿ ಸುಣ್ಣವು ಮೂತ್ರದ ಮೂಲಕವೇ ಹೊರಹೋಗಬೇಕಾಗುತ್ತದೆ.

ಸೊಪ್ಪು, ಪೆಲೆಟ್ ಮತ್ತು ನೀರು

ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪುಗಳನ್ನು ಬದಲಾಯಿಸುತ್ತಾ ದಿನಕ್ಕೆ ಒಂದೆರಡು ಹಿಡಿ ನೀಡಬಹುದು. ಪಾಲಕ್, ದಂಟುಗಳಲ್ಲಿ ಆಕ್ಸಲೇಟ್ ಅಂಶ ಹೆಚ್ಚಿರುವುದರಿಂದ ಅಪರೂಪಕ್ಕೆ ಸಾಕು. ಚಿತ್ರಗಳಲ್ಲಿ ಮೊಲದ ಕೈಯಲ್ಲಿ ಸದಾ ಕ್ಯಾರೆಟ್ ಇರುತ್ತದೆಯಾದರೂ, ಅದು ಸಕ್ಕರೆಯುಳ್ಳ ಗೆಡ್ಡೆ. ವಾರಕ್ಕೊಮ್ಮೆ ಒಂದು ಸಣ್ಣ ತುಂಡು ನೀಡಿದರೆ ಸಾಕು. ಪೆಲೆಟ್ 2 ಕೆ.ಜಿ. ತೂಕದ ಮೊಲಕ್ಕೆ ದಿನಕ್ಕೆ 50 ಗ್ರಾಂ ಮೀರಬಾರದು. ಶುದ್ಧ ನೀರು ಸದಾ ಇರಲಿ. ಯಾವುದೇ ಹೊಸ ಆಹಾರವನ್ನು 7ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಪರಿಷೆಯಿಂದ ತಂದ ಕಾಯಿಯನ್ನು ಮಕ್ಕಳು ಪ್ರೀತಿಯಿಂದ ಮೊಲಕ್ಕೂ ನೀಡುವುದುಂಟು. ಜಿಡ್ಡು ಅಧಿಕವಾದ ಕಡಲೆಕಾಯಿ ಈ ಪ್ರಾಣಿಗಳಿಗೆ ಒಗ್ಗದು. ಬೂಷ್ಟು ಹಿಡಿದ ಕಾಯಿ ಅಥವಾ ಹಿಂಡಿಯಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ವಿಷಕ್ಕಂತೂ ಮೊಲಗಳು ಅತಿ ಬೇಗ ಬಲಿಯಾಗುತ್ತವೆ.

ಗಿನಿ ಪಿಗ್ ಮತ್ತು ಚಿಂಚಿಲಾ

ಮನುಷ್ಯರಂತೆ ಗಿನಿ ಪಿಗ್‌ಗೂ ‘ಸಿ’ ಜೀವಸತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳಲು ಆಗದು. ಪ್ರತಿದಿನ ದೊಣ್ಣೆಮೆಣಸಿನಕಾಯಿಯ ತುಂಡು, ಆಗಾಗ ಸೀಬೆಹಣ್ಣಿನ ಚೂರು ನೀಡಬೇಕು.

ಚಿಂಚಿಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಒಣ, ತಂಪು ಪ್ರದೇಶದ ಪ್ರಾಣಿ. ಒಣಹುಲ್ಲು, ದಿನಕ್ಕೆ ಒಂದೆರಡು ಚಮಚ ಪೆಲೆಟ್ ಇದರ ಆಹಾರ. ಒಣದ್ರಾಕ್ಷಿ, ಬೀಜಗಳು ಬೇಡ. ಆದರೆ ದಟ್ಟ ತುಪ್ಪಳದ ಈ ಪ್ರಾಣಿ 25° ಸೆ. ಮೀರಿದ ಶಾಖದಲ್ಲಿ ಬಳಲುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲಿನ ಉಷ್ಣಾಂಶ 34° ಸೆ. ಆಸುಪಾಸಿನಲ್ಲಿರುತ್ತದೆ. ಹವಾನಿಯಂತ್ರಿತ ಕೋಣೆ ಇಲ್ಲದವರು ಇದನ್ನು ಸಾಕದಿರುವುದೇ ಲೇಸು.

ಮೇವು ಬೆಳೆಗಾರರಿಗೆ ಸೂಚನೆ

ಹೆಸರಘಟ್ಟ, ದೊಡ್ಡಬಳ್ಳಾಪುರ, ಹೊಸಕೋಟೆ ಭಾಗದ ರೈತರು ಇಂತಹ ಒಣಹುಲ್ಲನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ ನಗರಕ್ಕೆ ಒದಗಿಸಬಹುದು. ಹೂ ಬಿಡುವ ಮುನ್ನವೇ ಹುಲ್ಲು ಕೊಯ್ದು, ತೆಳುವಾಗಿ ಹರಡಿ, ದಿನಕ್ಕೆರಡು ಬಾರಿ ತಿರುವಿ ಒಣಗಿಸಬೇಕು. ತೇವಾಂಶ ಶೇ. 15ಕ್ಕಿಂತ ಕೆಳಗಿಳಿದ ಮೇಲೆ ಗಾಳಿಯಾಡುವ ಚೀಲಗಳಲ್ಲಿ ತುಂಬಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಬರುತ್ತದೆ. ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ಹೊಲದ ಹುಲ್ಲನ್ನು ಮಾರಬಾರದು. ಹಸಿರು ಬಣ್ಣ, ಹಿತವಾದ ವಾಸನೆ, ದೂಳಿಲ್ಲದ ಎಲೆಗಳು ಗುಣಮಟ್ಟದ ಗುರುತುಗಳು.

ಮೊಲವು 12 ಗಂಟೆ ಏನನ್ನೂ ತಿನ್ನದಿದ್ದರೆ ಅಥವಾ ಹಿಕ್ಕೆ ನಿಂತರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯನ್ನೂ ಸಂಪರ್ಕಿಸಬಹುದು. ಹೋಗುವಾಗ ಪ್ರಾಣಿಗೆ ನೀಡುತ್ತಿರುವ ಪೆಲೆಟ್, ಹುಲ್ಲುಗಳ ಮಾದರಿಯನ್ನೂ ಒಂದಿಷ್ಟು ಹಿಕ್ಕೆಯನ್ನೂ ಕೊಂಡೊಯ್ದರೆ ರೋಗಪತ್ತೆ ಸುಲಭವಾಗುತ್ತದೆ.